ಶಕ್ತಿಮಾನ್ ಕನ್ನಡ ಮಾತಾಡಲಿಲ್ಲ

ತೊಂಬತ್ತರ ದಶಕದ ಕೊನೆಗೆ ಮಕ್ಕಳಾಗಿದ್ದವರನ್ನ ಕೇಳಿ ನೋಡಿ, ನಿಮ್ಮ ಸೂಪರ್‌ಹೀರೋ ಯಾರು ಅಂತ. ನಮಗಿಂತ ಹತ್ತು ವರ್ಷ ದೊಡ್ಡವರು ದೂರದರ್ಶನದಲ್ಲಿ ಬರ್ತಿದ್ದ ಹೀ-ಮ್ಯಾನ್, ಸ್ಪೈಡರ್‌ಮ್ಯಾನ್ ಹೆಸರು ಹೇಳ್ತಾರೆ. ಕೇಬಲ್ ಇದ್ದ ಮನೆಯವರು ಕಾರ್ಟೂನ್ ನೆಟ್‌ವರ್ಕಿನ ಸ್ವಾಟ್ ಕ್ಯಾಟ್ಸ್ ಅಂತಾರೆ. ಆದರೆ ಮಾಳಿಗೆ ಮೇಲೆ ಒಂದು ಆಂಟೆನಾ, ಕೆಳಗೆ ಒಂದು ಕಪ್ಪು-ಬಿಳುಪು ಟಿವಿ, ಅದರ ಮುಂದೆ ಓಣಿಯ ಅಷ್ಟೂ ಮಕ್ಕಳು, ಹೀಗಿದ್ದ ಊರುಗಳಲ್ಲಿ ಉತ್ತರ ಒಂದೇ. ಶಕ್ತಿಮಾನ್. ಅದು ಬಿಡಿಸಿದ ಕಾರ್ಟೂನ್ ಅಲ್ಲ, ಮನುಷ್ಯರೇ ಬಣ್ಣ ಹಚ್ಚಿ ನಟಿಸಿದ ಧಾರಾವಾಹಿ. ನಮಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇಕಾಗಿರಲಿಲ್ಲ.

ಶಕ್ತಿಮಾನ್ ಬಗ್ಗೆ ನಮ್ಮ ವಾರಿಗೆಯವರು ಬರೆದಿದ್ದು ಬಹಳ ಇದೆ. ಗರಗರ ತಿರುಗೋದು, ಗಂಗಾಧರನ ಉಬ್ಬುಹಲ್ಲು, ಕೊನೆಗೆ ಬರೋ ಬುದ್ಧಿಮಾತು, ಎಲ್ಲಾ ಬಂದು ಹೋಗಿದೆ. ಒಂದು ವಿಷಯ ಮಾತ್ರ ಯಾರೂ ಅಷ್ಟಾಗಿ ಎತ್ತಲ್ಲ. ನಮ್ಮ ಬಾಲ್ಯದ ಅತಿ ದೊಡ್ಡ ವೀರ ನಾವು ನೋಡಿದ ಟಿವಿಯಲ್ಲಿ ಒಂದೇ ಒಂದು ಮಾತನ್ನೂ ಕನ್ನಡದಲ್ಲಿ ಆಡಲಿಲ್ಲ. ಅವನನ್ನ ಅಷ್ಟು ಪ್ರೀತಿಸಿದ ನಾವು ಅವನ ಮಾತಿನಲ್ಲಿ ಅರ್ಧ ಅರ್ಥವಾಗದೆಯೇ ಪ್ರೀತಿಸಿದ್ವಿ. ಇದು ಹೇಗಾಯ್ತು ಅನ್ನೋದಕ್ಕೆ ಒಂದು ಇತಿಹಾಸ ಇದೆ. ಆ ಇತಿಹಾಸ ನಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳ ಮೂಲಕವೇ ಹಾದು ಹೋಗುತ್ತೆ.

ಮೊದಲು ಧಾರಾವಾಹಿಯ ಲೆಕ್ಕ ಹೇಳಿಬಿಡ್ತೀನಿ. ಶಕ್ತಿಮಾನ್ ಶುರುವಾಗಿದ್ದು 1997ರ ಸೆಪ್ಟೆಂಬರ್ 13ಕ್ಕೆ, ಮುಗಿದಿದ್ದು 2005ರ ಮಾರ್ಚಿನಲ್ಲಿ. ನಾಲ್ಕುನೂರಕ್ಕೂ ಹೆಚ್ಚು ಕಂತು. ನಿರ್ದೇಶಕರು ದಿನಕರ್ ಜಾನಿ. ಶಕ್ತಿಮಾನ್ ಆಗಿ ನಟಿಸಿ, ನಿರ್ಮಾಣವನ್ನೂ ಹೊತ್ತವರು ಮುಖೇಶ್ ಖನ್ನಾ. ಪಂಚಭೂತಗಳಿಂದ ಶಕ್ತಿ ಪಡೆದು, ಕುಂಡಲಿನಿ ಎಬ್ಬಿಸಿಕೊಂಡು ಹಾರಾಡೋ ವೀರ. ಉಳಿದ ಹೊತ್ತಿನಲ್ಲಿ ‘ಆಜ್ ಕೀ ಆವಾಜ್’ ಅನ್ನೋ ಪತ್ರಿಕೆಯ ಪೆದ್ದ ಫೋಟೋಗ್ರಾಫರ್ ಗಂಗಾಧರ. ಅದೇ ಪತ್ರಿಕೆಯ ವರದಿಗಾರ್ತಿ ಗೀತಾ ವಿಶ್ವಾಸ್. ಎದುರಿಗೆ ಕತ್ತಲೆಯ ರಾಜ ಕಿಲ್ವಿಷ್. ಅಮೆರಿಕದ ಸೂಪರ್‌ಮ್ಯಾನ್ ಕೂಡ ಪತ್ರಿಕೆಯಲ್ಲೇ ಕೆಲಸ ಮಾಡೋದು ಅಂತ ನಮಗೆ ತಿಳಿದಿದ್ದು ಕಾಲೇಜಿಗೆ ಬಂದ ಮೇಲೆ. ಅಷ್ಟರಲ್ಲಿ ತಡವಾಗಿತ್ತು. ನಮ್ಮ ಲೆಕ್ಕದಲ್ಲಿ ಸೂಪರ್‌ಮ್ಯಾನೇ ಶಕ್ತಿಮಾನ್‌ನ ನಕಲು.

ನಮ್ಮೂರು ಅರಕೇರಾ. ಆಗ ದೇವದುರ್ಗ ತಾಲೂಕಿನ ಒಂದು ಹಳ್ಳಿ, ಈಗ ತಾನೇ ಒಂದು ತಾಲೂಕು. ಟಿವಿ ಇದ್ದ ಮನೆ ಓಣಿಗೆ ಒಂದೋ ಎರಡೋ. ಐತವಾರ ಮಧ್ಯಾಹ್ನ ಆ ಮನೆಯವರು ಊಟಕ್ಕೆ ಕೂಡೋದಕ್ಕೂ ಜಾಗ ಇರ್ತಿರಲಿಲ್ಲ. ಹಿರಿಯರು ಬಾಗಿಲ ಹತ್ತಿರ, ಮಕ್ಕಳು ನೆಲದ ಮೇಲೆ, ಒಬ್ಬ ಮಾಳಿಗೆ ಮೇಲೆ ಆಂಟೆನಾ ಹಿಡಕೊಂಡು. ಕೆಳಗಿಂದ “ಬಂತು, ಬಂತು, ಅಲ್ಲೇ ಹಿಡಿಲೇ” ಅಂತ ಕೂಗು. ಹಿಡಿದವನಿಗೆ ಮಾತ್ರ ಕಥೆ ಕಾಣ್ತಿರಲಿಲ್ಲ. ಅವನಿಗೆ ಆಮೇಲೆ ನಾವು ಹೇಳಬೇಕು. ಆ ಕೆಲಸ ಸರದಿ ಪ್ರಕಾರ ಎಲ್ಲರಿಗೂ ಬರ್ತಿತ್ತು.

ಇನ್ನು ಕರೆಂಟು. ನಮ್ಮ ಜಿಲ್ಲೆಯಲ್ಲೇ ಕೃಷ್ಣಾ ನದಿ ದಂಡೆಗೆ ಶಕ್ತಿನಗರ ಇದೆ. ಅಲ್ಲಿಯ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯ್ತು. ಇವತ್ತು ಅದರ ಸಾಮರ್ಥ್ಯ 1,720 ಮೆಗಾವ್ಯಾಟ್. ಇಡೀ ರಾಜ್ಯಕ್ಕೆ ಬೆಳಕು ಕೊಡೋ ಜಿಲ್ಲೆ ನಮ್ಮದು. ಆದರೂ ಕಿಲ್ವಿಷ್ ಬಂದು ಗಹಗಹಿಸೋ ಹೊತ್ತಿಗೆ ಸರಿಯಾಗಿ ನಮ್ಮ ಓಣಿಯ ಕರೆಂಟು ಹೋಗ್ತಿತ್ತು. ಕತ್ತಲೆಯೇ ಗೆಲ್ಲಲಿ ಅನ್ನೋದು ಅವನ ಘೋಷಣೆ. ಅದು ನಿಜವಾಗಿದ್ದನ್ನ ನಾವು ಎಷ್ಟೋ ಸಲ ಕಣ್ಣಾರೆ ಕಂಡಿದ್ದೀವಿ.

ದೊಡ್ಡವರು ಶಕ್ತಿಮಾನ್ ನೋಡಿದ ರೀತಿಯೇ ಬೇರೆ. ಮುಖೇಶ್ ಖನ್ನಾ ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದಲ್ಲಿ ಭೀಷ್ಮ ಆಗಿದ್ದವರು. ಕಿಲ್ವಿಷ್ ಆಗಿದ್ದ ಸುರೇಂದ್ರ ಪಾಲ್ ಅದೇ ಮಹಾಭಾರತದ ದ್ರೋಣಾಚಾರ್ಯ. ನಮ್ಮ ಓಣಿಯ ತಾತ ಒಬ್ಬರು ಮೊದಲ ದಿನವೇ ಕಂಡು ಹಿಡಿದು, “ಲೇ, ಇವ ಭೀಷ್ಮ ಅಲ್ಲೇನಲೇ? ಅವ ದ್ರೋಣ. ಒಂದೇ ಕಡಿಗಿ ಇದ್ದೋರು, ಇವರಿಬ್ಬರಿಗೆ ಯಾಕ ಜಗಳ ಬಂತಲೇ?” ಅಂದಿದ್ರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬಯಲಾಟ ನೋಡಿ ಬೆಳೆದವರಿಗೆ ಇದೇನೂ ಹೊಸತಲ್ಲ ಬಿಡಿ. ಹೋದ ವರ್ಷ ಅರ್ಜುನನ ವೇಷ ಕಟ್ಟಿದವನೇ ಈ ವರ್ಷ ರಾಕ್ಷಸನಾಗಿ ಬಂದು ರಂಗದ ಮೇಲೆ ಆರ್ಭಟ ಮಾಡ್ತಾನೆ. ವೇಷ ಬದಲಾಗಿದೆ, ಮನುಷ್ಯ ಅವನೇ ಅಂತ ಎಲ್ಲರಿಗೂ ಗೊತ್ತು. ಎದೆಯ ಮೇಲೆ ಬಂಗಾರದ ಬಣ್ಣದ ಚಕ್ರ ಹೊತ್ತ ಶಕ್ತಿಮಾನ್, ಭುಜಕೀರ್ತಿ ಕಟ್ಟಿಕೊಂಡ ಬಯಲಾಟದ ವೀರನಿಗೆ ದೂರದವನೇನಲ್ಲ.

ಈಗ ಭಾಷೆಗೆ ಬರೋಣ. ಹಿಂದಿ ಬರದ ಮಕ್ಕಳಿಗೆ ಈ ಹಿಂದಿ ಧಾರಾವಾಹಿ ತಿಳಿದಿದ್ದಾದರೂ ಹೇಗೆ?

ಸ್ವಲ್ಪ ನಿಜಾಮನ ಪುಣ್ಯ. ರಾಯಚೂರು 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ಸಂಸ್ಥಾನದ ಜಿಲ್ಲೆ. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಯ ಓದೂ ಉರ್ದು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆ ಕಾಲದಲ್ಲಿ ಓದಿದ ಹಿರಿಯರು ನಮ್ಮ ಬಾಲ್ಯದಲ್ಲಿ ಇನ್ನೂ ಇದ್ರು. ಓದದವರ ಬಾಯಲ್ಲೂ ದವಾಖಾನಿ, ಜಲ್ದಿ, ಪುಕ್ಕಟ ಇದ್ದೇ ಇತ್ತು. ಪಕ್ಕದ ಮನೆಯ ಗೆಳೆಯ ದಖ್ಖನಿ ಮಾತಾಡ್ತಿದ್ದ. ಹೀಗಾಗಿ ಕಿಲ್ವಿಷ್ ‘ಕಾಯಂ’ ಅಂದ್ರೆ ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮ ಶಾಲೆಗೆ ಕಾಯಂ ಮಾಸ್ತರು ಯಾವಾಗ ಬರ್ತಾರೆ ಅಂತ ಊರಿನವರು ದಿನಾ ಕೇಳ್ತಿದ್ದ ಪದ ಅದು.

ಇನ್ನು ಸ್ವಲ್ಪ ತತ್ವಪದಕಾರರ, ದಾಸರ ಪುಣ್ಯ. ನಮ್ಮ ದೇವದುರ್ಗ ತಾಲೂಕಿನ ಮೊಸರಕಲ್ಲು ಗೋಪಾಲದಾಸರ ಊರು. ಮಾನ್ವಿ ಜಗನ್ನಾಥದಾಸರ ಊರು. ಭಜನೆ, ತತ್ವಪದ ಕೇಳಿ ಬೆಳೆದ ಕಿವಿಗೆ ಪಂಚಭೂತ, ಚಕ್ರ, ಸತ್ಯ, ಪಾಪ ಅನ್ನೋ ಮಾತು ಯಾವ ಭಾಷೆಯಲ್ಲಿ ಬಂದರೂ ಸಿಕ್ಕಿಬಿಡುತ್ತೆ. ಉಳಿದಿದ್ದು ಅಂದಾಜು. ಯಾರು ಹೊಡೆದರು, ಯಾರು ಬಿದ್ದರು ಅನ್ನೋದಕ್ಕೆ ಭಾಷೆ ಬೇಕಿಲ್ಲವಲ್ಲ.

ಆ ಅಂದಾಜಿನಲ್ಲೇ ಒಂದು ಸೊಗಸು ಹುಟ್ಟಿತು. ಐತವಾರ ಸಂಜೆ ನಾವು ಅದೇ ಕಂತನ್ನ ಬಯಲಿನಲ್ಲಿ ಮತ್ತೆ ಆಡ್ತಿದ್ವಿ. ಅವ್ವನ ಹಳೆ ಸೀರೆಯ ತುಂಡು ಹೆಗಲಿಗೆ. ಆಗ ಶಕ್ತಿಮಾನ್ ಬಾಯಿಂದ ಬರ್ತಿದ್ದಿದ್ದು ಅಪ್ಪಟ ಅರಕೇರಾ ಕನ್ನಡ. “ಲೇ ಕಿಲ್ವಿಷ್, ಹೊರಗ ಬಾರಲೇ! ನಿನ್ನ ಕತ್ತಲಿ ಇವತ್ತ ಬಿಡಿಸ್ತೀನಿ!” ಅಂತ ಇವನು. “ಮೊದಲ ಕರೆಂಟ್ ಬರಲಿ, ಆಮ್ಯಾಲ ನೋಡೋಣಂತ ಹೋಗಲೇ” ಅಂತ ಅವನು. ಗೀತಾ ವಿಶ್ವಾಸ್ ಆಗೋಕೆ ಯಾರೂ ಒಪ್ಪದೆ ಆ ಪಾತ್ರ ಬಹಳ ವಾರ ಖಾಲಿ ಇರ್ತಿತ್ತು. ಟಿವಿಯ ಶಕ್ತಿಮಾನ್ ಯಾವತ್ತೂ ನಗೆಚಾಟಿಕೆ ಮಾಡಿದವನಲ್ಲ. ನಮ್ಮವನು ಬೈಗುಳವನ್ನೂ ಬಲ್ಲ. ಕನ್ನಡದಲ್ಲಿ ಡಬ್ಬಿಂಗ್ ಇಲ್ಲದಿದ್ದ ಕಾಲದಲ್ಲಿ ಓಣಿಗೊಂದು ಡಬ್ಬಿಂಗ್ ಸ್ಟುಡಿಯೋ ಇತ್ತು. ನೆನಪಿನ ಸಿಹಿ ಇರೋದು ಇಲ್ಲಿ. ಶಕ್ತಿಮಾನ್‌ನ ಮುಂಬೈಯವರು ಮಾಡಿದ್ದು ಅರ್ಧ, ಉಳಿದರ್ಧ ನಾವು ಮಾಡಿದ್ವಿ.

ಸಿಹಿ ಅಷ್ಟಕ್ಕೇ ಮುಗಿಸಬಹುದು. ಆದರೆ ಇದರಲ್ಲೇ ಒಂದು ಅಪಾಯ ಅಡಗಿತ್ತು.

ಶಕ್ತಿಮಾನ್ ಬಂದು ಕಾಪಾಡ್ತಾನೆ ಅಂತ ನಂಬಿ ಮಕ್ಕಳು ಬೆಂಕಿ ಹಚ್ಚಿಕೊಂಡರು, ಎತ್ತರದಿಂದ ಹಾರಿದರು ಅಂತ ಆ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ವರದಿ ಬಂದವು. ದೊಡ್ಡ ಚರ್ಚೆಯಾಯ್ತು. ಮುಖೇಶ್ ಖನ್ನಾ ಧಾರಾವಾಹಿಯಲ್ಲೇ ಬಂದು, ಇದೆಲ್ಲ ಕ್ಯಾಮೆರಾದ ಆಟ, ಯಾರೂ ಮಾಡಬೇಡಿ ಅಂತ ಮಕ್ಕಳಿಗೆ ಬಿಡಿಸಿ ಹೇಳಿದರು. ಒಳ್ಳೆಯ ಕೆಲಸವೇ. ಆದರೆ ಹೇಳಿದ್ದು ಹಿಂದಿಯಲ್ಲಿ. ನಮ್ಮ ಓಣಿಯ ಹುಡುಗನೊಬ್ಬ ಮಾಳಿಗೆ ಮೇಲೆ ನಿಂತು ಗರಗರ ತಿರುಗಿ, ತಲೆ ತಿರುಗಿ, ಕೆಳಗಿನ ತಿಪ್ಪೆಗೆ ಬಿದ್ದ. ಕೈ ಮುರಿಯಿತು, ಜೀವ ಉಳಿಯಿತು. ಆ ಎಚ್ಚರಿಕೆಯ ಕಂತು ಅವನೂ ನೋಡಿದ್ದ. “ಅವ ಏನೋ ಹೇಳಾಕತ್ತಿದ್ದ, ನನಗೇನ್ ತಿಳೀತದ?” ಅಂತ ಆಮೇಲೆ ಹೇಳಿದ.

ಈ ಮಾತನ್ನ ನಾನು ಬಹಳ ಸಲ ಯೋಚಿಸಿದ್ದೀನಿ. ಹಾರೋದನ್ನ ನೋಡೋಕೆ ಭಾಷೆ ಬೇಡ. ಹಾರಬೇಡ ಅನ್ನೋದನ್ನ ಕೇಳೋಕೆ ಭಾಷೆ ಬೇಕು. ಚಿತ್ರ ಗಡಿ ದಾಟಿ ಬರುತ್ತೆ, ಎಚ್ಚರಿಕೆ ದಾಟಿ ಬರಲ್ಲ. ಕಂತಿನ ಕೊನೆಗೆ ಬರ್ತಿದ್ದ ಬುದ್ಧಿಮಾತಿನ ಭಾಗಕ್ಕೂ ಇದೇ ಗತಿ. ಹಲ್ಲುಜ್ಜಬೇಕು, ಸುಳ್ಳು ಹೇಳಬಾರದು ಅಂತ ಅದರಲ್ಲಿ ಏನೇನೋ ಹೇಳ್ತಿದ್ರು. ಹೊಡೆದಾಟ ಮುಗಿದಿದ್ದೇ ನಾವು ಎದ್ದು ಓಡ್ತಿದ್ವಿ. ಕುಣಿತ ನಮಗೆ ಸಿಕ್ಕಿತು, ಅರಿವು ಹಿಂದಿ ಬಲ್ಲವರ ಪಾಲಿಗೆ ಹೋಯ್ತು.

ಟಿವಿ ಬಂದ ಮೇಲೆ ಹಳ್ಳಿಗಳಿಗೆ ಹೀಗಾಗೋದು ಸಹಜ ಅಂತ ನೀವು ಅನ್ನಬಹುದು. ಆದರೆ ನಮ್ಮ ಜಿಲ್ಲೆಗೆ ಟಿವಿ ಮೊದಲು ಬಂದಿದ್ದು ಕನ್ನಡದಲ್ಲಿ. ಅದೂ ಬೆಂಗಳೂರಿಗಿಂತ ಮೊದಲು.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಇಸ್ರೋ ಮತ್ತು ದೂರದರ್ಶನ ಸೇರಿ ‘ಸೈಟ್’ ಅನ್ನೋ ಪ್ರಯೋಗ ನಡೆಸಿದವು. ಅಮೆರಿಕದ ನಾಸಾದಿಂದ ಎಟಿಎಸ್-6 ಅನ್ನೋ ಉಪಗ್ರಹವನ್ನ ಒಂದು ವರ್ಷಕ್ಕೆ ಎರವಲು ತಂದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿದರು. ಕರ್ನಾಟಕದಿಂದ ಆಯ್ಕೆಯಾದ ಜಿಲ್ಲೆಗಳು ಮೂರು: ಬಿಜಾಪುರ, ಗುಲಬರ್ಗಾ, ರಾಯಚೂರು. ಹಿಂದುಳಿದ ಜಿಲ್ಲೆ ಅನ್ನೋದೇ ಅರ್ಹತೆ. ನಮಗೆ ಆ ಹಣೆಪಟ್ಟಿಯಿಂದ ಲಾಭವಾಗಿದ್ದು ಅಪರೂಪ, ಆ ಸಲ ಆಯ್ತು. ಕೋಳಿಗೂಡಿನ ತಂತಿಬಲೆಯಿಂದ ಮಾಡಿದ ಹತ್ತಡಿ ಅಗಲದ ಡಿಶ್, ಊರಿಗೆಲ್ಲ ಸೇರಿ ಒಂದು ಟಿವಿ. ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ. ಮುಂಜಾನೆ ಶಾಲೆಯ ಹೊತ್ತಿನಲ್ಲಿ 5ರಿಂದ 12 ವರ್ಷದ ಮಕ್ಕಳಿಗೆ ಕಾರ್ಯಕ್ರಮ, ಅವರವರ ಭಾಷೆಯಲ್ಲೇ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ಕ್ಕೆ. ಅದಕ್ಕೂ ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿ ಮಕ್ಕಳು ಆಕಾಶದಿಂದ ಇಳಿದು ಬಂದ ಕನ್ನಡ ಕೇಳಿದ್ರು.

ಅದರ ಎಂಜಿನಿಯರಿಂಗ್ ಓದಿದಾಗ ನನಗೆ ರೋಮಾಂಚನವಾಯ್ತು. ಆ ಉಪಗ್ರಹದಿಂದ ಬರ್ತಿದ್ದಿದ್ದು ಒಂದು ಚಿತ್ರ, ಅದರ ಜೊತೆ ಎರಡು ಧ್ವನಿ ವಾಹಿನಿ. ಅದೇ ಚಿತ್ರವನ್ನ ಆಂಧ್ರದ ಹಳ್ಳಿ ತೆಲುಗಿನಲ್ಲಿ, ಕರ್ನಾಟಕದ ಹಳ್ಳಿ ಕನ್ನಡದಲ್ಲಿ ಕೇಳಬಹುದಿತ್ತು. ಸಾಫ್ಟ್‌ವೇರಿನಲ್ಲಿ ನಾವು ಲೋಕಲೈಸೇಷನ್ ಅಂತೀವಲ್ಲ, ಅದರ ಮೂಲತತ್ವವೇ ಇದು. ಮಾತನ್ನ ಉಳಿದ ಸರಕಿನಿಂದ ಬೇರೆ ಇಡು, ಆಗ ಯಾವ ಭಾಷೆಯನ್ನಾದರೂ ಜೋಡಿಸಬಹುದು. ಇವತ್ತು ಒಟಿಟಿಯಲ್ಲಿ ‘ಆಡಿಯೋ’ ಅಂತ ಒತ್ತಿ ಭಾಷೆ ಬದಲಿಸೋದೂ ಇದೇ. ಸಿನಿಮಾ ಫೈಲಿನಲ್ಲಿ ಚಿತ್ರದ ತೂಕವೇ ಬಹುಪಾಲು, ಧ್ವನಿಯದ್ದು ಚಿಟಿಕೆಯಷ್ಟು. ಇನ್ನೊಂದು ಭಾಷೆ ಸೇರಿಸೋದು ತಾಂತ್ರಿಕವಾಗಿ 1975ರಲ್ಲೇ ಬಗೆಹರಿದ ಸಮಸ್ಯೆ.

ಹಾಗಾದರೆ ಮುಂದೆ ಏನಾಯ್ತು? ಒಪ್ಪಂದದಂತೆ ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್ ಹೋಯ್ತು. 1977ರಲ್ಲಿ ಗುಲಬರ್ಗಾದಲ್ಲಿ ಟಿವಿ ಕೇಂದ್ರ ಬಂತು. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯ್ತು. ಆಮೇಲೆ ದೇಶದ ಉದ್ದಗಲಕ್ಕೂ ಪ್ರಸಾರ ಗೋಪುರ ಎದ್ದವು, ಒಳಗೆ ಹರಿದಿದ್ದು ಬಹುಪಾಲು ದೆಹಲಿಯ ನೀರು. 1987ರ ‘ರಾಮಾಯಣ’, 1988ರ ‘ಮಹಾಭಾರತ’, 1997ರ ‘ಶಕ್ತಿಮಾನ್’, ಎಲ್ಲಾ ಅದೇ ಕಾಲುವೆಯಲ್ಲಿ ಬಂದಿದ್ದು. ಎರಡು ಧ್ವನಿಯ ಯೋಚನೆ ಮರೆತೇ ಹೋಯ್ತು.

ಇದರಲ್ಲಿ ದೆಹಲಿಯ ಪಾಲು ಎಷ್ಟೋ, ನಮ್ಮವರ ಪಾಲೂ ಇದೆ. 1960ರ ದಶಕದಲ್ಲಿ ಅನಕೃ, ಮ. ರಾಮಮೂರ್ತಿ ಮುಂತಾದವರು ಡಬ್ಬಿಂಗ್ ವಿರುದ್ಧ ಹೋರಾಟಕ್ಕಿಳಿದರು. ಅವರ ಕಾರಣ ಸಣ್ಣದಲ್ಲ. ಕನ್ನಡ ಚಿತ್ರರಂಗ ಆಗ ಎಳೆಗೂಸು, ಬಹುಪಾಲು ಕೆಲಸ ನಡೀತಿದ್ದಿದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಬೇರೆಯವರ ಸಿನಿಮಾಕ್ಕೆ ಕನ್ನಡದ ಬಾಯಿ ಜೋಡಿಸಿದರೆ ಕನ್ನಡದ ಕಲಾವಿದರು, ತಂತ್ರಜ್ಞರು ಎದ್ದೇಳೋದೇ ಇಲ್ಲ ಅನ್ನೋ ಭಯ ನಿಜವಾದದ್ದು. ಆ ಹೋರಾಟದಿಂದ ಚಿತ್ರರಂಗ ಬೆಳೆಯಿತು, ರಾಜ್‌ಕುಮಾರ್ ಕಾಲದ ಸಿನಿಮಾಗಳನ್ನ ನಾವೆಲ್ಲ ಉಂಡಿದ್ದೀವಿ. ಅಂಥ ನಿಷೇಧಕ್ಕೆ ಕಾನೂನು ಇರಲಿಲ್ಲ, ಆದರೆ ಕಾನೂನಿಗಿಂತ ಗಟ್ಟಿಯಾಗಿ ನಡೆದುಕೊಂಡು ಬಂತು. ದೊಡ್ಡ ಮೀನು ಹಿಡಿಯೋಕೆ ಹಾಕಿದ ಆ ಬಲೆಗೆ ಸಣ್ಣ ಮೀನೂ ಸಿಕ್ಕವು. ಮಕ್ಕಳ ಕಾರ್ಟೂನು, ವಿಜ್ಞಾನದ ಸಾಕ್ಷ್ಯಚಿತ್ರ, ಸೂಪರ್‌ಹೀರೋ. ಇವುಗಳನ್ನ ಕನ್ನಡದಲ್ಲಿ ಮಾಡೋರೂ ಕಡಿಮೆ, ಡಬ್ ಮಾಡೋಕೂ ಬಿಡಲ್ಲ. ಮಕ್ಕಳನ್ನ ಯಾರೂ ಕೇಳಲಿಲ್ಲ. ಮಕ್ಕಳಿಗೆ ವಾಣಿಜ್ಯ ಮಂಡಳಿ ಇರಲ್ಲವಲ್ಲ.

ಬದಲಾವಣೆ ಬಂದಿದ್ದು ನಾವು ದೊಡ್ಡವರಾದ ಮೇಲೆ. 2009ರಲ್ಲಿ ಸನ್ ಬಳಗದವರು ಮಕ್ಕಳಿಗಾಗಿಯೇ ಚಿಂಟು ಟಿವಿ ತಂದರು. ಡೋರಾ ಕನ್ನಡ ಮಾತಾಡಿದಳು. ಆಕಾಶ ಕಳಚಿ ಬೀಳಲಿಲ್ಲ. ಆದರೂ 2012ರಲ್ಲಿ ಆಮೀರ್ ಖಾನ್‌ರ ‘ಸತ್ಯಮೇವ ಜಯತೇ’ ತಮಿಳು, ತೆಲುಗು, ಮಲಯಾಳದಲ್ಲೆಲ್ಲ ಬಂದಾಗ ಕನ್ನಡದಲ್ಲಿ ಮಾತ್ರ ಬರಲಿಲ್ಲ. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆಯೋದು ತಪ್ಪು ಅಂತ ತೀರ್ಪು ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಧಾರಾವಾಹಿ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣದಲ್ಲಿ ‘ಮಹಾಭಾರತ’ ಕನ್ನಡದಲ್ಲೇ ಬಂತು. ಅದೇ ಲಾಕ್‌ಡೌನಿನಲ್ಲಿ ದೂರದರ್ಶನ ಶಕ್ತಿಮಾನ್‌ನ ಮರುಪ್ರಸಾರ ಮಾಡಿತು. ಅವನು ಮಾತ್ರ ಇನ್ನೂ ಹಿಂದಿಯಲ್ಲೇ ಇದ್ದ. 2023ರಲ್ಲಿ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದಿ ಸ್ಪೈಡರ್‌ವರ್ಸ್’ ಭಾರತದಲ್ಲಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯ್ತು, ಅದರಲ್ಲಿ ಕನ್ನಡವೂ ಒಂದು. ನ್ಯೂಯಾರ್ಕಿನ ಹುಡುಗ ಕನ್ನಡ ಕಲಿತ, ಮುಂಬೈಯ ಶಕ್ತಿಮಾನ್ ಕಲಿಯಲಿಲ್ಲ.

ಇಷ್ಟಕ್ಕೆ ಎಲ್ಲಾ ಸರಿಹೋಯ್ತು ಅಂತ ಅಲ್ಲ. ಡಬ್ಬಿಂಗಿನಲ್ಲಿ ಬರೋ ಕನ್ನಡ ಬೆಂಗಳೂರಿನ ಸ್ಟುಡಿಯೋ ಕನ್ನಡ. ಅದರಲ್ಲಿ ವೀರ ‘ಬನ್ನಿ, ಹೋಗೋಣ’ ಅಂತಾನೆ. ‘ಬರ್ರಿ, ಹೋಗೂಣು’ ಅನ್ನೋ ಪಾತ್ರ ಬಂದರೆ ಅದು ನಗಿಸೋಕೆ ಬಂದಿದೆ ಅಂತಲೇ ಅರ್ಥ. ರಾಯಚೂರು ಮಗುವಿಗೆ ಅರ್ಥ ಆಗುತ್ತೆ, ಅಷ್ಟು ಸಾಕು ಅನ್ನಬಹುದು. ಆದರೆ ನಮ್ಮ ಮಾತಾಡೋರು ನಗೆಪಾಟಲಿಗೆ ಮಾತ್ರ, ಲೋಕ ಉಳಿಸೋಕೆ ಅಲ್ಲ ಅನ್ನೋದನ್ನೂ ಆ ಮಗು ಜೊತೆಗೇ ಕಲಿಯುತ್ತೆ. 2021ರಲ್ಲಿ ಬಂದ ಮಲಯಾಳದ ‘ಮಿನ್ನಲ್ ಮುರಳಿ’ ನೋಡಿದವರಿಗೆ ನಾನು ಹೇಳ್ತಿರೋದು ತಿಳಿಯುತ್ತೆ. ಅಲ್ಲಿಯ ಸೂಪರ್‌ಹೀರೋ ಹಳ್ಳಿಯ ಒಬ್ಬ ಟೈಲರ್. ಊರು ಬಿಟ್ಟು ಹೋಗಬೇಕು ಅಂತಿದ್ದವನು ಊರಿಗಾಗಿ ನಿಲ್ತಾನೆ, ಊರಿನ ಹಾಗೆಯೇ ಮಾತಾಡ್ತಾನೆ. ಅದನ್ನ ನೆಟ್‌ಫ್ಲಿಕ್ಸಿನಲ್ಲಿ ಕನ್ನಡದಲ್ಲೂ ನೋಡಬಹುದು. ನೋಡ್ತಾ ಖುಷಿಯೂ ಆಯ್ತು, ಹೊಟ್ಟೆಕಿಚ್ಚೂ ಆಯ್ತು.

ಶಕ್ತಿಮಾನ್ ಮೇಲೆ ನನಗೆ ದೂರಿಲ್ಲ. ಕಡಿಮೆ ದುಡ್ಡಿನಲ್ಲಿ, ಇವತ್ತು ನೋಡಿದರೆ ನಗು ಬರೋ ಗ್ರಾಫಿಕ್ಸಿನಲ್ಲಿ, ಕರೆಂಟು ನೆಚ್ಚಿಕೊಳ್ಳೋ ಹಾಗಿಲ್ಲದ ಊರುಗಳ ಮಕ್ಕಳಿಗೂ ಒಬ್ಬ ವೀರನನ್ನ ತಲುಪಿಸಿದ್ದು ಸಣ್ಣ ಸಾಧನೆಯಲ್ಲ. ಕೇಬಲ್ ಇಲ್ಲದ ಮನೆಗೂ, ಟಿವಿಯೇ ಇಲ್ಲದ ಮನೆಯ ಹುಡುಗನಿಗೂ ಅವನು ಸಮನಾಗಿ ಸಿಕ್ಕ. ಆದರೆ ಅವನನ್ನ ಕನ್ನಡಕ್ಕೆ ತರೋ ಕೆಲಸವನ್ನ ದೊಡ್ಡವರು ಯಾರೂ ಮಾಡದಿದ್ದಾಗ ಎಂಟು-ಹತ್ತು ವರ್ಷದ ಮಕ್ಕಳು ಮಾಡಿದ್ರು, ಸಂಬಳ ಇಲ್ಲದೆ, ಅನುಮತಿ ಇಲ್ಲದೆ. ಇವತ್ತು ನಮ್ಮಲ್ಲಿ ಸ್ಟುಡಿಯೋ ಇದೆ, ತಂತ್ರಜ್ಞಾನ ಇದೆ, ಕೋರ್ಟು-ಕಚೇರಿಯ ಅಡ್ಡಿಯೂ ಇಲ್ಲ. ನಮ್ಮ ವಾರಿಗೆಯವರೇ ಅನಿಮೇಷನ್ನಿನಲ್ಲಿ, ಒಟಿಟಿ ಕಂಪನಿಗಳಲ್ಲಿ, ಜಾಹೀರಾತಿನಲ್ಲಿ ಕುಳಿತಿದ್ದಾರೆ. ಪಟ್ಟಿಯಲ್ಲಿ ಇನ್ನೊಂದು ಧ್ವನಿ ಸೇರಿಸಬೇಕೋ ಬೇಡವೋ ಅಂತ ಮೀಟಿಂಗಿನಲ್ಲಿ ಕೇಳೋ ಹೊತ್ತಿಗೆ ಆ ಕೋಣೆಯಲ್ಲಿ ನಮ್ಮವರೊಬ್ಬರು ಇದ್ದೇ ಇರ್ತಾರೆ. ಮುಂದಿನ ಸೂಪರ್‌ಹೀರೋ ಎಲ್ಲಿಂದಲಾದರೂ ಹಾರಿ ಬರಲಿ. ದೇವದುರ್ಗದ ಮಗುವಿಗೆ ಅವನು “ಹಾರಬ್ಯಾಡಪಾ, ಬಿದ್ದೀಯ” ಅಂತ ಹೇಳಿದ್ದು ತಿಳಿಯುವಂತಿರಲಿ.